ಲಯವೂ ತಾಳವೂ: ಹೃದಯ ಚಿಕಿತ್ಸೆಯ ತರುವಾಯದ ಶೀಘ್ರನಾಡಿ

ಛಂದಸ್ಸು ವ್ಯಾಕರಣಗಳನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಹೃದಯದ ಬಡಿತವನ್ನು ಕುರಿತು ಲೇಖನಿ ಹಿಡಿದುದು ವಾಚಕರಿಗೆ ಅಧಿಕಪ್ರಸಂಗವೆಂದು ತೋರಬಹುದು. ವೈದ್ಯನಲ್ಲದವನು ವೈದ್ಯವನ್ನು ಮಾಡಬಾರದೆಂಬುದು ನಿಜ. ಆದರೆ ವೈದ್ಯರು ಹೇಳಿದುದನ್ನು ಚೆನ್ನಾಗಿ ಕೇಳಿ ತಿಳಿದು, ಅದನ್ನು ತಿಳಿಯಾದ ಕನ್ನಡದಲ್ಲಿ ಇನ್ನೊಬ್ಬರಿಗೆ ತಿಳಿಸುವುದು ಅಧ್ಯಾಪಕನಿಗೆ ಸಲ್ಲುವ ಕೆಲಸವೇ. ಅದಕ್ಕೂ ಮಿಗಿಲಾಗಿ, ಈ ವಿಷಯದಲ್ಲಿ ನಾನು ಅರಿಯದೆ ಆಡಿದ ಒಂದು ಮಾತಿನ ಋಣವನ್ನು ತೀರಿಸಬೇಕಾಗಿದೆ.

ನನ್ನೊಡನೆ ಬಹುಕಾಲ ಕೆಲಸ ಮಾಡಿ ನಿವೃತ್ತರಾದ ಗಣಿತದ ಮಾಸ್ತರರೊಬ್ಬರಿಗೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಹೃದ್ರೋಗವಿದ್ದಿತು. ಇದ್ದಕ್ಕಿದ್ದಂತೆ ಎದೆಯೊಳಗೆ ತಾಳ ತಪ್ಪಿದ ಬಡಿತ ಆರಂಭವಾಗುವುದು, ಗಂಟೆಗಟ್ಟಲೆ ಇರುವುದು, ಮತ್ತೆ ತಾನಾಗಿ ನಿಲ್ಲುವುದು. ಗುಳಿಗೆಗಳಿಂದ ಅದು ಹತೋಟಿಗೆ ಬಾರದಿರಲು ವೈದ್ಯರ ಸಲಹೆಯಂತೆ ಕ್ಯಾಥೆಟರ್ ಅಬ್ಲೇಷನ್ ಎಂಬ ಚಿಕಿತ್ಸೆಯನ್ನು ಮಾಡಿಸಿಕೊಂಡು ಬಂದರು. ತಾಳ ತಪ್ಪಿದ ಬಡಿತ ನಿಂತಿತು. ಆದರೆ ಗಣಿತದವರಲ್ಲವೇ! ನಿತ್ಯ ಬೆಳಿಗ್ಗೆ ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸಿ ನೋಟುಪುಸ್ತಕದಲ್ಲಿ ಬರೆದಿಡತೊಡಗಿದರು. ಚಿಕಿತ್ಸೆಗೆ ಮುನ್ನ, ಹೃದಯ ನೆಟ್ಟಗಿದ್ದ ದಿನಗಳಲ್ಲಿ ನಿಮಿಷಕ್ಕೆ ೭೪ ಇದ್ದ ನಾಡಿ ಈಗ ೯೪. ಊಟದ ತರುವಾಯ ೧೦೨. ವಾರ ಕಳೆದರೂ ಅಷ್ಟೇ, ತಿಂಗಳು ಕಳೆದರೂ ಅಷ್ಟೇ.

ಒಂದು ಸಂಜೆ ನನ್ನಲ್ಲಿಗೆ ಬಂದು, “ಪಂಡಿತರ, ರಿಪೇರಿ ಮಾಡಿಸಿದ ಗಡಿಯಾರ ಮೊದಲಿಗಿಂತ ಜೋರು ಓಡಾಕ ಹತ್ತಿದ್ರ, ರಿಪೇರಿ ಆಗೇದ ಅಂತ ಹ್ಯಾಂಗ ನಂಬೂದ್ರಿ?” ಎಂದು ಕೇಳಿದರು. ನಾನು, “ಅದು ನಿಮ್ಮ ಮನಸ್ಸಿನ ಭ್ರಮಾ ಅದ ಮಾಸ್ತರ್ರ, ಎಣಿಸೂದು ಬಿಡ್ರಿ, ತಾನ ಕಡಿಮಿ ಆಗ್ತದ” ಎಂದೆ. ಸಮಾಧಾನ ಹೇಳಿದೆನೆಂದು ನಾನು ತಿಳಿದೆ. ಅವರಾದರೋ ತಮ್ಮ ಲೆಕ್ಕವನ್ನು ಯಾರೂ ನಂಬುವುದಿಲ್ಲವೆಂದು ತಿಳಿದರು. ಬೆಳಗಿನ ತಿರುಗಾಟವನ್ನು ನಿಲ್ಲಿಸಿದರು. ಮನೆಯ ಮಹಡಿಯನ್ನು ಹತ್ತುವುದನ್ನು ಬಿಟ್ಟರು. ಕೊನೆಗೆ, ಚಿಕಿತ್ಸೆಯೇ ವ್ಯರ್ಥವಾದ ಮೇಲೆ ಗುಳಿಗೆಗಳೇತಕ್ಕೆಂದು ಎಲ್ಲವನ್ನೂ ಬಿಟ್ಟುಬಿಡಲು ಹೊರಟರು. ಅವುಗಳಲ್ಲಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯೂ ಒಂದಿದ್ದಿತು. ಅವರ ಶ್ರೀಮತಿಯವರು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ಯದಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಅಂದು ನಾನೂ ಜೊತೆಗೆ ಹೋಗಿದ್ದೆ. ನಾಡಿ ವೇಗವಾಗಿದ್ದುದು ಭ್ರಮೆಯಲ್ಲ, ಅದಕ್ಕೊಂದು ಕಾರಣವಿದೆ, ಆ ಕಾರಣ ರೋಗ ಮರಳಿತೆಂಬುದಲ್ಲ ಎಂದು ವೈದ್ಯರು ವಿವರಿಸಿದರು. ಅಂದಿನಿಂದ ಕೇಳಿ ಓದಿ ತಿಳಿದುದನ್ನು ಇಲ್ಲಿ ಕ್ರಮವಾಗಿ ನಿವೇದಿಸುತ್ತೇನೆ.

೧. ಬಡಿತದ ಮೂಲ

ನಿಮಿಷಕ್ಕೆ ೭೨ರಂತೆ ಎಣಿಸಿದರೆ ಹೃದಯವು ದಿನವೊಂದಕ್ಕೆ ಒಂದು ಲಕ್ಷಕ್ಕೂ ಮಿಕ್ಕು ಬಾರಿ ಬಡಿಯುತ್ತದೆ. ಈ ಬಡಿತಕ್ಕೆ ಆಜ್ಞೆ ಮಿದುಳಿನಿಂದ ಬರುವುದೆಂದು ಹಲವರ ಊಹೆ. ವಾಸ್ತವದಲ್ಲಿ ಹೃದಯವು ತನ್ನ ಬಡಿತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಸಣ್ಣ ಅಂಗಾಂಶವೊಂದಿದೆ. ಅಲ್ಲಿ ಹುಟ್ಟಿದ ವಿದ್ಯುತ್ ಸಂಜ್ಞೆ ಎರಡು ಹೃತ್ಕರ್ಣಗಳಿಗೂ ಹರಡಿ, ನಡುವಿನ ಎ.ವಿ. ಗಂಟನ್ನು ಹಾಯ್ದು, ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಜಪಾನಿನ ಸುನಾವೊ ತವಾರಾ ಅವರು ಜರ್ಮನಿಯ ಮಾರ್ಬುರ್ಗಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಎ.ವಿ. ಗಂಟನ್ನು ಗುರುತಿಸಿ ೧೯೦೬ರಲ್ಲಿ ವಿವರಿಸಿದರು. ಸೈನಸ್ ಗಂಟನ್ನು ೧೯೦೭ರಲ್ಲಿ ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. ಫ್ಲ್ಯಾಕ್ ಆಗ ವೈದ್ಯ ವಿದ್ಯಾರ್ಥಿ. ಗುರುಗಳು ಪತ್ನಿಯೊಡನೆ ಸೈಕಲ್ ಸವಾರಿಗೆ ಹೋಗಿದ್ದ ವೇಳೆಯಲ್ಲಿ, ಕೆಂಟ್ ಪ್ರಾಂತದ ಹಳ್ಳಿಮನೆಯಲ್ಲಿ ಕುಳಿತು ನೆಲ ಬಗೆಯುವ ಮೋಲ್ ಎಂಬ ಸಣ್ಣ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಈ ಶಿಷ್ಯನಿಗೆ ಆ ಗಂಟು ಮೊದಲು ಕಣ್ಣಿಗೆ ಬಿದ್ದಿತು. ಶಿಷ್ಯನ ಕಣ್ಣಿಗೆ ಬಿದ್ದುದನ್ನು ಗುರುಗಳು ಹಂಚಿಕೊಂಡು ಮೆರೆಸಿದ ಈ ಪ್ರಸಂಗ ಅಧ್ಯಾಪಕರಾದ ನಮಗೆ ಹಿತವಾದದ್ದು.

೨. ವೇಗವನ್ನು ತಡೆಯುವ ಕಡಿವಾಣ

ಬಡಿತ ಹೃದಯದ್ದೇ ಆದರೂ ಅದರ ವೇಗ ನರಗಳ ಅಂಕೆಯಲ್ಲಿದೆ. ಸಿಂಪಥೆಟಿಕ್ ನರಗಳು ವೇಗವನ್ನು ಹೆಚ್ಚಿಸುತ್ತವೆ. ವೇಗಸ್ ಎಂಬ ನರವು ತಗ್ಗಿಸುತ್ತದೆ. ಒಂದು ಚಬುಕು, ಇನ್ನೊಂದು ಕಡಿವಾಣ. ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯ ನಿಧಾನವಾಗಿ ನಿಂತೇಬಿಡುತ್ತದೆಂದು ಜರ್ಮನಿಯ ವೇಬರ್ ಸೋದರರು ೧೮೪೫ರಲ್ಲಿ ತೋರಿಸಿದರು. ಇದು ನಡೆಯುವ ಬಗೆಯನ್ನು ಬಿಡಿಸಿದವರು ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿದ್ದ ಆಟೊ ಲೋವಿ. ಪ್ರಯೋಗದ ವಿಧಾನ ಅವರಿಗೆ ಕನಸಿನಲ್ಲಿ ಹೊಳೆಯಿತಂತೆ. ನಿದ್ದೆಗಣ್ಣಿನಲ್ಲಿ ಚೀಟಿಯ ಮೇಲೆ ಗೀಚಿಟ್ಟುದನ್ನು ಬೆಳಿಗ್ಗೆ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬೀಳಲು, ಈ ಸಲ ಕಾಗದವನ್ನು ನಂಬದೆ ನೇರವಾಗಿ ಪ್ರಯೋಗಾಲಯಕ್ಕೆ ಹೋದರು. ಕಪ್ಪೆಯ ಒಂದು ಹೃದಯದ ವೇಗಸ್ ನರವನ್ನು ಕೆರಳಿಸಿ ಬಡಿತವನ್ನು ತಗ್ಗಿಸಿ, ಅದರೊಳಗಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ನರದ ನಂಟೇ ಇಲ್ಲದ ಆ ಎರಡನೆಯ ಹೃದಯವೂ ನಿಧಾನವಾಯಿತು. ನರವು ಒಂದು ರಾಸಾಯನಿಕ ದ್ರವ್ಯದ ಮೂಲಕ ಹೃದಯವನ್ನು ಹಿಡಿದಿಡುತ್ತದೆಂಬುದು ೧೯೨೧ರಲ್ಲಿ ಹೀಗೆ ಪ್ರಕಟವಾಯಿತು. ಆ ದ್ರವ್ಯವೇ ಅಸಿಟೈಲ್‌ಕೋಲಿನ್. ೧೯೩೬ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಪಾರಿತೋಷಿಕ ದೊರೆಯಿತು.

ಈಗ ಮುಖ್ಯವಾದ ಮಾತು. ಎರಡೂ ಬಗೆಯ ನರಗಳ ಅಂಕೆಯನ್ನು ಔಷಧಿಯಿಂದ ತಡೆದು, ಹೃದಯವನ್ನು ತನ್ನ ಪಾಡಿಗೆ ತಾನಿರಲು ಬಿಟ್ಟರೆ ಅದರ ವೇಗವೆಷ್ಟು? ಜೋಸ್ ಎಂಬ ಸಂಶೋಧಕರು ಹೀಗೆ ಅಳೆದು, ೧೧೮.೧ರಿಂದ ವಯಸ್ಸಿನ ೦.೫೭ ಪಾಲನ್ನು ಕಳೆದರೆ ಬರುವ ಸಂಖ್ಯೆಯೇ ಆ ಸಹಜ ವೇಗವೆಂದು ಸೂತ್ರೀಕರಿಸಿದರು. ೨೦ ವರ್ಷದವರಲ್ಲಿ ಅದು ಸುಮಾರು ೧೦೭, ೫೦ ವರ್ಷದವರಲ್ಲಿ ಸುಮಾರು ೯೦. ವಿಶ್ರಾಂತಿಯಲ್ಲಿರುವಾಗ ನಮ್ಮ ನಾಡಿ ೭೦ರ ಆಸುಪಾಸಿನಲ್ಲಿದ್ದರೆ ಅದು ಕಡಿವಾಣದ ಪುಣ್ಯ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ೧೯೬೭ರ ಡಿಸೆಂಬರ್ ೩ರಂದು ಕೇಪ್‌ಟೌನಿನಲ್ಲಿ ಮೊದಲ ಸಲ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದರಷ್ಟೆ. ಅಂಥ ಕಸಿಯಲ್ಲಿ ಹೃದಯದ ನರಗಳು ಕಡಿದುಹೋಗುವುದರಿಂದ, ಕಸಿಯಾದ ಹೃದಯವು ವಿಶ್ರಾಂತಿಯಲ್ಲಿಯೂ ಸಾಮಾನ್ಯವಾಗಿ ೯೦ರಿಂದ ೧೧೦ರ ವೇಗದಲ್ಲಿ ಬಡಿಯುತ್ತದೆ. ಅದು ರೋಗವಲ್ಲ, ಕಡಿವಾಣವಿಲ್ಲದ ಕುದುರೆಯ ಸಹಜವಾದ ನಡೆ.

೩. ಚಿಕಿತ್ಸೆಯಿಂದ ಕಡಿವಾಣ ಸಡಿಲವಾಗುವ ಬಗೆ

ಮಾಸ್ತರರಿಗೆ ಇದ್ದ ರೋಗದಲ್ಲಿ ಹೃತ್ಕರ್ಣಗಳು ಸೈನಸ್ ಗಂಟಿನ ಆಜ್ಞೆಯನ್ನು ಮೀರಿ ನಿಮಿಷಕ್ಕೆ ೩೫೦ಕ್ಕೂ ಹೆಚ್ಚು ಬಾರಿ ಅದುರುತ್ತವೆ. ಎ.ವಿ. ಗಂಟು ಅವುಗಳಲ್ಲಿ ಕೆಲವನ್ನು ಮಾತ್ರ ಕೆಳಕ್ಕೆ ಬಿಡುವುದರಿಂದ ನಾಡಿಯು ಯಾವ ಕ್ರಮವೂ ಇಲ್ಲದೆ ಬಡಿಯುತ್ತದೆ. ಈ ಅವಾಂತರದ ಕಿಡಿ ಹೊರಡುವ ಸ್ಥಳವನ್ನು ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಐಸಗೇರ್ ಮತ್ತು ಸಂಗಡಿಗರು ೧೯೯೮ರಲ್ಲಿ ಪ್ರಕಟಿಸಿದರು. ೪೫ ರೋಗಿಗಳನ್ನು ಪರೀಕ್ಷಿಸಿದ ಅವರಿಗೆ, ನೂರಕ್ಕೆ ೯೪ರಷ್ಟು ಕಿಡಿಗಳು ಶ್ವಾಸಕೋಶಗಳಿಂದ ಎಡ ಹೃತ್ಕರ್ಣಕ್ಕೆ ರಕ್ತವನ್ನು ತರುವ ಅಭಿಧಮನಿಗಳೊಳಗಿನಿಂದ ಏಳುವುದು ಕಂಡುಬಂದಿತು. ಅಂದಿನಿಂದ ಈ ರೋಗದ ಅಬ್ಲೇಷನ್ನಿಗೆ ಆ ಅಭಿಧಮನಿಗಳ ಬಾಯಿಯೇ ಗುರಿಯಾಯಿತು.

ತೊಡೆಯ ಸಂದಿನ ಅಭಿಧಮನಿಯ ಮೂಲಕ ಕ್ಯಾಥೆಟರ್ ಎಂಬ ತೆಳುವಾದ ನಳಿಕೆಯನ್ನು ಹೃದಯಕ್ಕೆ ಏರಿಸಿ, ಹೃತ್ಕರ್ಣಗಳ ನಡುವಣ ತೆರೆಯನ್ನು ದಾಟಿ, ಅಭಿಧಮನಿಗಳ ಬಾಯಿಯ ಸುತ್ತಲೂ ಶಾಖದಿಂದಲೋ ಶೈತ್ಯದಿಂದಲೋ ಉಂಗುರದಂತೆ ಕಲೆ ಮಾಡುತ್ತಾರೆ. ಕಲೆಗಟ್ಟಿದ ಜಾಗ ವಿದ್ಯುತ್ತನ್ನು ಹಾಯಗೊಡದು. ಕಿಡಿ ಹೊತ್ತಿದರೂ ಹೊಲಕ್ಕೆ ಬೆಂಕಿ ಹಬ್ಬದು. ಆದರೆ ವೇಗಸ್ ನರದ ಕೊನೆಯ ಕವಲುಗಳು ಕೂಡುವ ನರಗ್ರಂಥಿಗಳು ಅದೇ ಬಾಯಿಯ ಬಳಿ, ಹೃದಯದ ಹೊರಮೈಯ ಕೊಬ್ಬಿನಲ್ಲಿ ಹುದುಗಿವೆ. ಒಳಗಿನಿಂದ ಕೊಟ್ಟ ಶಾಖ ಅವುಗಳಿಗೂ ತಟ್ಟುತ್ತದೆ. ಬೇಲಿಯಂಚಿನ ಕಸವನ್ನು ಸುಡುವಾಗ ಪಕ್ಕದ ಬಳ್ಳಿಯೂ ಬಾಡಿದಂತೆ ಕಡಿವಾಣವು ಸಡಿಲವಾಗಿ, ಸೈನಸ್ ಗಂಟು ತನ್ನ ಸಹಜ ವೇಗದ ಕಡೆಗೆ ಸರಿಯುತ್ತದೆ.

ವಿಶ್ರಾಂತಿಯ ನಾಡಿ ಇದರಿಂದ ಸಾಮಾನ್ಯವಾಗಿ ೧೦ರಿಂದ ೧೫ರಷ್ಟು, ಕೆಲವರಲ್ಲಿ ಇನ್ನೂ ಹೆಚ್ಚು ಏರುತ್ತದೆ. ನರದ ಕವಲುಗಳು ಚೇತರಿಸಿಕೊಂಡಂತೆ ಬಹುಮಂದಿಯಲ್ಲಿ ಕೆಲವು ತಿಂಗಳುಗಳಿಂದ ಒಂದು ವರ್ಷದೊಳಗೆ ಇಳಿಯುತ್ತ ಬರುತ್ತದೆ. ಕೆಲವರಲ್ಲಿ ವರ್ಷ ಕಳೆದರೂ ತುಸು ಹೆಚ್ಚಾಗಿಯೇ ಉಳಿಯುವುದುಂಟು. ಮೊದಲಿನ ಸಂಖ್ಯೆಗೇ ಮರಳಬೇಕೆಂಬ ನಿಯಮವಿಲ್ಲ. ಈಚಿನ ವರ್ಷಗಳಲ್ಲಿ ಬಳಕೆಗೆ ಬಂದ ಪಲ್ಸ್‌ಡ್ ಫೀಲ್ಡ್ ಎಂಬ ವಿಧಾನದಲ್ಲಿ ನರಗಳಿಗೆ ತಗಲುವ ಪೆಟ್ಟು ಕಡಿಮೆಯಾದುದರಿಂದ ನಾಡಿಯ ಏರಿಕೆಯೂ ಕಡಿಮೆ.

೪. ಸಂಖ್ಯೆಯೊಂದೇ ಸಾಲದು

ವಾಚಕರು ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ಸಂಗೀತದಲ್ಲಿ ವಿಳಂಬ, ಮಧ್ಯ, ದ್ರುತವೆಂದು ಲಯ ಮೂರು ಬಗೆ. ಆದಿತಾಳವನ್ನು ವಿಳಂಬದಲ್ಲಿ ಹಾಕಿದರೂ ದ್ರುತದಲ್ಲಿ ಹಾಕಿದರೂ ಅಕ್ಷರಗಳು ಎಂಟೇ. ಲಯ ದ್ರುತವಾಗುವುದು ಬೇರೆ, ತಾಳ ತಪ್ಪುವುದು ಬೇರೆ. ಚಿಕಿತ್ಸೆಗೆ ಮುನ್ನ ಮಾಸ್ತರರ ಹೃದಯದ ತಾಳ ತಪ್ಪುತ್ತಿದ್ದಿತು. ತರುವಾಯ ತಾಳ ಸರಿಹೋಗಿ ಲಯ ಮಾತ್ರ ದ್ರುತವಾಯಿತು. ನೋಟುಪುಸ್ತಕದಲ್ಲಿ ಸಂಖ್ಯೆಯನ್ನು ಮಾತ್ರ ಬರೆದ ಅವರಿಗೆ ಈ ಭೇದ ಕಾಣಲಿಲ್ಲ. ನಮ್ಮ ಪ್ರಾಚೀನ ವೈದ್ಯದಲ್ಲಿ ನಾಡೀಪರೀಕ್ಷೆಯನ್ನು ವಿವರಿಸುವ ಶಾರ್ಙ್ಗಧರ ಸಂಹಿತೆಯು ನಾಡಿಯ ನಡೆಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸುತ್ತದೆ. ಇಂದಿನ ಶಾಸ್ತ್ರ ಬೇರೆಯಾದರೂ, ಎಣಿಕೆಯೊಂದೇ ಅಲ್ಲ, ನಡೆಯನ್ನೂ ನೋಡಬೇಕೆಂಬ ವಿವೇಕ ಇಂದಿಗೂ ಸಲ್ಲುತ್ತದೆ.

ಆದರೆ ನಾಡಿ ಕ್ರಮವಾಗಿದೆಯೆಂದ ಮಾತ್ರಕ್ಕೆ ನಿಶ್ಚಿಂತರಾಗಕೂಡದು. ಅಬ್ಲೇಷನ್ನಿನ ತರುವಾಯ ಕಲೆಗಳ ಸುತ್ತ ವಿದ್ಯುತ್ತು ಗಾಣದೆತ್ತಿನಂತೆ ಸುತ್ತುವ ಏಟ್ರಿಯಲ್ ಫ್ಲಟರ್ ಎಂಬ ಇನ್ನೊಂದು ರೋಗ ತಲೆದೋರಬಹುದು. ಅದರಲ್ಲಿ ಹೃತ್ಕರ್ಣಗಳು ನಿಮಿಷಕ್ಕೆ ಸುಮಾರು ೩೦೦ ಬಾರಿ ಬಡಿದು, ಎರಡಕ್ಕೊಂದು ಕೆಳಗಿಳಿದು, ನಾಡಿಯು ಸುಮಾರು ೧೫೦ರಲ್ಲಿ ಅಚ್ಚುಕಟ್ಟಾಗಿ ನಿಂತಿರಬಹುದು. ಸೈನಸ್ ಗಂಟಿನ ವೇಗವು ನಡೆದಾಗ ಮೆಲ್ಲನೆ ಏರಿ, ಕುಳಿತಾಗ ಮೆಲ್ಲನೆ ಇಳಿಯುತ್ತದೆ. ರೋಗದ ವೇಗವು ಥಟ್ಟನೆ ಆರಂಭವಾಗಿ, ಕುಳಿತರೂ ಮಲಗಿದರೂ ಇಳಿಯದಿರುವುದುಂಟು. ಇದು ಊಹೆಗೆ ಸಹಾಯವೇ ಹೊರತು ನಿರ್ಣಯವಲ್ಲ. ನಿರ್ಣಯ ಇ.ಸಿ.ಜಿ. ಯಂತ್ರದ್ದು. ಡಚ್ ವಿಜ್ಞಾನಿ ಐಂಟ್‌ಹೋವನ್ ಅವರಿಗೆ ೧೯೨೪ರ ನೊಬೆಲ್ ಪಾರಿತೋಷಿಕವನ್ನು ತಂದ ಈ ಯಂತ್ರದ ಪಟ್ಟಿಯಲ್ಲಿ, ಪ್ರತಿಯೊಂದು ದೊಡ್ಡ ಅಲೆಯ ಮುಂದೆ ಹೃತ್ಕರ್ಣದ ಸಣ್ಣ ಪಿ ಅಲೆ ತನ್ನ ಸಹಜ ರೂಪದಲ್ಲಿ ಇದೆಯೇ ಎಂದು ವೈದ್ಯರು ನೋಡುತ್ತಾರೆ. ಸಂಶಯವಿದ್ದರೆ ಮೈಗೆ ಕಟ್ಟುವ ಹೋಲ್ಟರ್ ಯಂತ್ರದಿಂದ ೨೪ ಗಂಟೆಯೋ ಅದಕ್ಕೂ ಹೆಚ್ಚೋ ದಾಖಲೆ ಪಡೆಯುತ್ತಾರೆ.

ಇನ್ನೊಂದು ಸಂಗತಿ. ಕಲೆಗಳು ಮಾಯುವ ಮೊದಲ ದಿನಗಳಲ್ಲಿ ಹಳೆಯ ರೋಗವೇ ತಲೆಯೆತ್ತಿದರೂ ಚಿಕಿತ್ಸೆ ಸೋತಿತೆಂದು ಹೇಳುವುದಿಲ್ಲ. ಈ ಕಾಯುವ ಅವಧಿಯನ್ನು ಬಹುಕಾಲ ೩ ತಿಂಗಳೆಂದು ಎಣಿಸುತ್ತಿದ್ದರು. ೨೦೨೪ರ ತಜ್ಞರ ಒಮ್ಮತದ ಹೇಳಿಕೆ ಅದನ್ನು ೮ ವಾರಗಳಿಗೆ ಇಳಿಸಿದೆ. ರೋಗಿಗೂ ಮನೆಯವರಿಗೂ ಇದನ್ನು ಮೊದಲೇ ತಿಳಿಸಿದ್ದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ನಾಡಿಯ ವೇಗಕ್ಕೆ ಚಿಕಿತ್ಸೆಗೆ ಸಂಬಂಧಿಸದ ಕಾರಣಗಳೂ ಇರಬಹುದು. ರಕ್ತಹೀನತೆ, ಜ್ವರ, ನೀರು ಸಾಲದಿರುವುದು, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಬೀಟಾ ಬ್ಲಾಕರ್ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದುದು, ಹೃದಯದ ದೌರ್ಬಲ್ಯ ಇವೆಲ್ಲ ಆ ಪಟ್ಟಿಗೆ ಸೇರಿದವು. ಇದೇ ರೋಗಕ್ಕೆ ಕೊಡುವ ಅಮಿಯೋಡರೋನ್ ಎಂಬ ಔಷಧಿಯಲ್ಲಿ ಅಯೋಡಿನ್ ಹೇರಳವಾಗಿದ್ದು, ಕೆಲವರಲ್ಲಿ ಅದು ಥೈರಾಯ್ಡನ್ನು ಕೆರಳಿಸುವುದುಂಟು. ಇವನ್ನೆಲ್ಲ ಪರೀಕ್ಷಿಸಿ ಬದಿಗಿಟ್ಟ ಮೇಲೆಯೇ ವೈದ್ಯರು ಕಡಿವಾಣ ಸಡಿಲವಾದುದೆಂಬ ತೀರ್ಮಾನಕ್ಕೆ ಬರುತ್ತಾರೆ.

೫. ಏನು ಮಾಡತಕ್ಕದ್ದು

ಮೊದಲನೆಯದಾಗಿ, ಎಣಿಸುವುದಾದರೆ ಕ್ರಮವಾಗಿ ಎಣಿಸಬೇಕು. ಐದು ನಿಮಿಷ ಸುಮ್ಮನೆ ಕುಳಿತು, ಪೂರ್ತಿ ೬೦ ಸೆಕೆಂಡು ಎಣಿಸಿ, ಸಂಖ್ಯೆಯ ಜೊತೆಗೆ ತಾಳ ಸಮವೇ ವಿಷಮವೇ ಎಂದೂ ಬರೆಯಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ವಿಷಮ ನಾಡಿಯಲ್ಲಿ ಲೆಕ್ಕ ತಪ್ಪುತ್ತದೆ. ದಿನಕ್ಕೆ ಒಂದೆರಡು ಸಲ ಸಾಕು. ಗಳಿಗೆಗೊಮ್ಮೆ ಎಣಿಸುವವರಿಗೆ ಭಯದಿಂದಲೇ ನಾಡಿ ಏರುತ್ತದೆ.

ಎರಡನೆಯದಾಗಿ, ಯಾವ ಗುಳಿಗೆಯನ್ನೂ ತಾನಾಗಿ ನಿಲ್ಲಿಸಕೂಡದು. ಅಬ್ಲೇಷನ್ನಿನ ತರುವಾಯ ಕನಿಷ್ಠ ಎರಡು ಮೂರು ತಿಂಗಳು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಎಲ್ಲರಿಗೂ ಅವಶ್ಯ. ಮುಂದೆಯೂ ಬೇಕೋ ಬೇಡವೋ ಎಂಬುದು ಹೃದಯದ ತಾಳವನ್ನಲ್ಲ, ರೋಗಿಗೆ ಪಾರ್ಶ್ವವಾಯುವಿನ ಅಪಾಯ ಎಷ್ಟಿದೆಯೆಂಬುದನ್ನು ಅವಲಂಬಿಸಿದೆ. ಹಿತವೆನಿಸಿತೆಂದು ಬಿಡುವುದೂ ವ್ಯರ್ಥವೆನಿಸಿತೆಂದು ಬಿಡುವುದೂ ಸಮಾನವಾದ ತಪ್ಪುಗಳು.

ಮೂರನೆಯದಾಗಿ, ವೇಗ ಸೈನಸ್ ಗಂಟಿನದೇ ಎಂದು ಖಚಿತವಾದರೆ ಬಹುಮಂದಿಗೆ ಔಷಧಿಯೇ ಬೇಡ. ಬಹಳ ಬಾಧೆಯಾದರೆ ಬೀಟಾ ಬ್ಲಾಕರ್ ಇಲ್ಲವೆ ಸೈನಸ್ ಗಂಟಿನ ವೇಗವನ್ನು ತಗ್ಗಿಸುವ ಇವಾಬ್ರಡಿನ್ ಗುಳಿಗೆಯನ್ನು ವೈದ್ಯರು ಕೊಡಬಹುದು. ವೇಗ ಫ್ಲಟರಿನದೋ ಫಿಬ್ರಿಲೇಷನ್ನಿನದೋ ಆದರೆ ಹಾಗೆಯೇ ಬಿಡುವಂತಿಲ್ಲ. ವಾರ ತಿಂಗಳುಗಟ್ಟಲೆ ಎಡೆಬಿಡದ ಅತಿವೇಗದಿಂದ ಹೃದಯದ ಸ್ನಾಯುವೇ ಬಲಗುಂದುತ್ತದೆ.

ನಾಲ್ಕನೆಯದಾಗಿ, ಕೆಲವು ಚಿಹ್ನೆಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಮೂರ್ಛೆ, ಎದೆನೋವು, ಉಬ್ಬಸ, ಮಾತು ತೊದಲುವುದು, ಕೈಕಾಲು ಸೋಲುವುದು, ತೊಡೆಯ ಸಂದಿನಲ್ಲಿ ಬಾವು ಇಲ್ಲವೆ ರಕ್ತಸ್ರಾವ ಇವು ಅಂಥವು. ಚಿಕಿತ್ಸೆಯಾದ ಎರಡು ತಿಂಗಳೊಳಗೆ ಜ್ವರ ಬಂದು ನುಂಗುವಾಗ ನೋವಾದರೆ ಅದನ್ನು ಗಂಟಲು ಬೇನೆಯೆಂದು ಕಡೆಗಣಿಸಬಾರದು. ಹೃದಯದ ಬೆನ್ನಿಗಿರುವ ಅನ್ನನಾಳಕ್ಕೆ ಶಾಖ ತಗಲಿ ರಂಧ್ರವಾಗುವುದು ಅತಿ ವಿರಳವಾದರೂ ಪ್ರಾಣಾಂತಿಕ. ತನಗೆ ಅಬ್ಲೇಷನ್ ಆಗಿದೆಯೆಂಬುದನ್ನು ನೋಡುವ ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು.

ಮಾಸ್ತರರ ಇ.ಸಿ.ಜಿ.ಯಲ್ಲಿಯೂ ಹೋಲ್ಟರಿನಲ್ಲಿಯೂ ತಾಳ ಶುದ್ಧವಾಗಿದ್ದಿತು. ರಕ್ತ, ಥೈರಾಯ್ಡ್, ಹೃದಯದ ಬಲ ಎಲ್ಲವೂ ಸರಿಯಾಗಿದ್ದವು. ಹೊಸ ಗುಳಿಗೆಯನ್ನೇನೂ ಕೊಡದೆ, ಇದ್ದವನ್ನು ಬಿಡದಿರಲು ಹೇಳಿ, ತಿರುಗಾಟವನ್ನು ಮೆಲ್ಲನೆ ಮತ್ತೆ ಆರಂಭಿಸಲು ತಿಳಿಸಿ ಕಳುಹಿಸಿದರು. ನಾಡಿ ನಾಲ್ಕನೆಯ ತಿಂಗಳಿಗೆ ೮೮ಕ್ಕೂ ಒಂಬತ್ತನೆಯ ತಿಂಗಳಿಗೆ ೮೨ಕ್ಕೂ ಇಳಿಯಿತು. ಅಲ್ಲಿಯೇ ನಿಂತಿದೆ. ನೋಟುಪುಸ್ತಕದಲ್ಲಿ ಈಗ ಸಂಖ್ಯೆಯ ಪಕ್ಕದಲ್ಲಿ ‘ಸಮ’ ಎಂಬ ಇನ್ನೊಂದು ಅಂಕಣವಿದೆ. ಮಹಡಿಯ ಮೇಲಿನ ಕೋಣೆಯಲ್ಲಿ ನೆರೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಅವರ ಪಾಠ ಮತ್ತೆ ನಡೆದಿದೆ.

ನಾನು ಅಂದು “ಭ್ರಮೆ” ಎಂದ ಮಾತಿಗಾಗಿ ಅವರಲ್ಲಿ ಕ್ಷಮೆ ಕೇಳಿದ್ದೇನೆ. ಅವರು ನಕ್ಕು, “ನಿಮಗ ಮಾತ್ರಾ ಎಣಿಸಾಕ ಬರ್ತದ ಪಂಡಿತರ, ನಾಡಿ ಎಣಿಸಾಕ ಬರೂದಿಲ್ಲ” ಎಂದರು. ಶರೀರದ ತೊಂದರೆಯನ್ನು ಹೇಳಿಕೊಂಡು ಬಂದ ಹಿರಿಯರಿಗೆ, ಮಿತ್ರರಿಗೆ, ಸಹೋದ್ಯೋಗಿಗಳಿಗೆ ತಿಳಿಯದೆ ಸಮಾಧಾನ ಹೇಳುವುದಕ್ಕಿಂತ, ಜೊತೆಗೆ ಹೋಗಿ ವೈದ್ಯರ ಬಾಗಿಲಲ್ಲಿ ಕುಳಿತುಕೊಳ್ಳುವುದು ಮೇಲು. ಈ ಸಂಚಿಕೆಯನ್ನು ಓದುವವರಲ್ಲಿ ಒಬ್ಬರಾದರೂ ಇದರಿಂದ ತಮ್ಮ ಗುಳಿಗೆಯನ್ನು ಬಿಡದೆ, ಭಯವನ್ನು ಬಿಟ್ಟರೆ ನನ್ನ ಋಣ ತೀರಿದಂತಾಯಿತು.